ಬೋಕಿಚೂರಿನ ಓಟು

ಆ ಕಪ್ಪು-ಸಾಸರಿನ ಕಾರ್ಖಾನೆಯಲ್ಲಿ ಗೆರೆಯಕ್ಕನನ್ನು ಅಕ್ಕ ಎಂದು ಕರೆಯದವರು ಇಬ್ಬರೇ ಇಬ್ಬರು. ಒಂದು, ಭಟ್ಟಿಯ ಮೇಲೆ ಬೆಚ್ಚಗೆ ಮಲಗುವ ಬೆಕ್ಕು. ಇನ್ನೊಂದು, ಅವಳ ಬೆನ್ನಿಗೆ ಬಿದ್ದ ಸ್ವಂತ ತಂಗಿ.

ಉಳಿದವರೆಲ್ಲರಿಗೂ ಅವಳು ಅಕ್ಕನೇ. ಭಟ್ಟಿ ನೋಡಿಕೊಳ್ಳುವ ಭಟ್ಟಿಯಣ್ಣ ಅವಳಿಗಿಂತ ನಾಲ್ಕು ವರ್ಷ ದೊಡ್ಡವನು, ತಲೆಯಲ್ಲಿ ಒಂದೇ ಒಂದು ಕಪ್ಪು ಕೂದಲಿಲ್ಲ, ಅವನೂ ಅಕ್ಕ ಎನ್ನುತ್ತಿದ್ದ. ಯಜಮಾನರು ಕೂಡ ಬೈಸಿಕೊಳ್ಳುವ ಸಂದರ್ಭ ಬಂದಾಗ ಮೊದಲೇ ಅಕ್ಕ ಎಂದು ಕರೆದು ಬಚಾವಾಗುತ್ತಿದ್ದರು. ಏಕೆಂದರೆ ಬೈಯುವುದರಲ್ಲಿ ಅವಳದು ಎತ್ತಿದ ಕೈ. ಗೆರೆ ಎಳೆಯುವುದರಲ್ಲಿಯೂ ಅಷ್ಟೇ. ಒಂದು ಸಲ ಸುಟ್ಟು ಬಂದ ಕಪ್ಪನ್ನು ಪುಟ್ಟ ಚಕ್ರದ ಮೇಲಿಟ್ಟು, ಎಡಗೈಯಲ್ಲಿ ಚಕ್ರ ತಿರುಗಿಸುತ್ತ ಬಲಗೈಯ ಕುಂಚವನ್ನು ಅಂಚಿಗೆ ತಾಗಿಸಿದರೆ ನೀಲಿ ಗೆರೆ ಹೊರಟ ಜಾಗಕ್ಕೇ ಬಂದು ಸೇರಬೇಕು. ಕೂದಲೆಳೆಯಷ್ಟು ಆಚೀಚೆಯಾದರೂ ಗೆರೆ ಕೆಟ್ಟಿತು. ಇಪ್ಪತ್ತಾರು ವರ್ಷದಲ್ಲಿ ಅವಳ ಗೆರೆ ತಪ್ಪಿದ್ದನ್ನು ಕಂಡವರಿಲ್ಲ. ಕಂಡಿದ್ದರೂ ಹೇಳುವಷ್ಟು ಗುಂಡಿಗೆ ಯಾರಿಗಿತ್ತು?

ತಂಗಿಯ ಕೆಲಸ ಪಕ್ಕದ ಕೋಣೆಯಲ್ಲಿ. ಹಸಿ ಕಪ್ಪಿಗೆ ಹಿಡಿಕೆ ಅಂಟಿಸುವುದು. ಅಲ್ಲಿನವರೆಲ್ಲ ಅವಳನ್ನು ಹಿಡಿಕೆ ಚಿಕ್ಕಮ್ಮ ಎನ್ನುತ್ತಿದ್ದರು. ಎರಡೂ ಕೋಣೆಗಳ ನಡುವಿನ ಗೋಡೆಯಲ್ಲಿ ಒಂದು ಕಿಟಕಿ, ಕಿಟಕಿಗೆ ಅಗಲವಾದ ಹಲಗೆ. ಅಕ್ಕತಂಗಿ ಮಾತು ಬಿಟ್ಟು ಹತ್ತು ವರ್ಷವಾಗಿತ್ತು. ಕೆಲಸ ಮಾತ್ರ ಬಿಡುವ ಹಾಗಿರಲಿಲ್ಲವಲ್ಲ. ಹಿಡಿಕೆ ಒಂದಿಷ್ಟು ವಾಲಿದ್ದರೆ ಗೆರೆ ಎಳೆಯುವಾಗ ಅಕ್ಕನಿಗೇ ಮೊದಲು ಗೊತ್ತಾಗುವುದು. ಆಗ ಅವಳು ಒಡೆದ ಕಪ್ಪಿನ ಬುಟ್ಟಿಗೆ ಕೈಹಾಕಿ ಒಂದು ಬೋಕಿಚೂರು ಎತ್ತಿಕೊಂಡು, ಅದರ ಮೇಲೆ ಪೆನ್ಸಿಲಿನಲ್ಲಿ ‘ಮೂರನೇ ಹಲಗೆಯ ಹಿಡಿಕೆ, ಎಡಕ್ಕೆ ವಾಲಿದೆ’ ಎಂದು ಬರೆದು ಕಿಟಕಿಯಲ್ಲಿ ಇಡುತ್ತಿದ್ದಳು. ಅರ್ಧ ಗಂಟೆಗೆ ಅದೇ ಚೂರು ಬೆನ್ನಿನಲ್ಲಿ ‘ನೋಡಿದೆ’ ಎಂಬ ಉತ್ತರ ಹೊತ್ತು ವಾಪಸು ಬರುತ್ತಿತ್ತು. ಹತ್ತು ವರ್ಷದಲ್ಲಿ ಹೀಗೆ ಎಷ್ಟು ಚೂರು ಆ ಕಡೆ ಈ ಕಡೆ ಓಡಾಡಿದವೋ ದೇವರೇ ಬಲ್ಲ. ಒಂದರ ಮೇಲೂ ‘ಊಟ ಆಯಿತಾ’ ಎಂದು ಬರೆದಿರಲಿಲ್ಲ.

ಮನೆಗಳಿದ್ದದ್ದು ಒಂದೇ ಬೀದಿಯಲ್ಲಿ. ಗಂಡಂದಿರಿಬ್ಬರೂ ಭಾನುವಾರ ಒಂದೇ ಜಗಲಿಯಲ್ಲಿ ಇಸ್ಪೀಟು ಆಡುತ್ತಿದ್ದರು. ತಂಗಿಯ ಮಗಳಂತೂ ದೊಡ್ಡಮ್ಮಾ ಎನ್ನುತ್ತ ನೇರ ಅಡುಗೆಮನೆಗೇ ನುಗ್ಗಿ ಪಾತ್ರೆಯ ಮುಚ್ಚಳ ತೆಗೆದು ನೋಡುವವಳು. ಮನೆಮಂದಿಗೆಲ್ಲ ಮಾತುಂಟು, ಇವರಿಬ್ಬರಿಗೆ ಇಲ್ಲ. ಅಂಥ ಜಿದ್ದು.

ಇಷ್ಟಕ್ಕೂ ಆಗಿದ್ದೇನು? ಹತ್ತು ವರ್ಷದ ಹಿಂದೆ ಒಂದು ಹೋಟೆಲಿನವರು ಇನ್ನೂರು ಕಪ್ಪು ಹೇಳಿದ್ದರು. ಭಟ್ಟಿಯ ಬಾಗಿಲು ತೆಗೆದು ನೋಡಿದರೆ ನಲವತ್ತೊಂದು ಕಪ್ಪುಗಳ ಹಿಡಿಕೆ ಕಳಚಿಕೊಂಡು ಕಿವಿ ಉದುರಿದಂತೆ ಪಕ್ಕದಲ್ಲಿ ಬಿದ್ದಿತ್ತು. ಹೋಟೆಲಿನ ಮನುಷ್ಯ ಅಲ್ಲೇ ನಿಂತಿದ್ದ, ಯಜಮಾನರ ಮುಖ ಹುಳ್ಳಗಾಗಿತ್ತು. ಎಲ್ಲರೂ ಸುಮ್ಮನಿದ್ದಾಗ ಅಕ್ಕ, ಸುಮ್ಮನಿರಲು ಬಾರದ ಅಕ್ಕ, ತಂಗಿಯ ಕಡೆಗೆ ತಿರುಗಿ, “ಕೈಯಲ್ಲಿ ಬಿಗಿ ಇಲ್ಲದೋಳು ಈ ಕೆಲಸಕ್ಕೆ ಯಾಕೆ ಬರಬೇಕಿತ್ತು, ಮನೇಲಿ ಕೂತಿದ್ರೆ ಆಗ್ತಿತ್ತು,” ಅಂದುಬಿಟ್ಟಳು. ಹದಿನೈದು ಜನರ ಮುಂದೆ. ತಂಗಿ ಕೈಯಲ್ಲಿದ್ದ ಸ್ಪಂಜನ್ನು ಹಿಂಡಿ, ಮಡಚಿ, ಸೆರಗಿಗೆ ಕೈ ಒರೆಸಿಕೊಂಡು ಒಳಗೆ ಹೋದಳು. ಅವತ್ತೇ ಕೊನೆ.

ಇಷ್ಟು ಊರಿಗೆಲ್ಲ ಗೊತ್ತಿದ್ದ ಕತೆ. ಊರಿಗೆ ಗೊತ್ತಿಲ್ಲದ್ದು ಇನ್ನೊಂದಿತ್ತು.

ಅದಾಗಿ ಎರಡು ತಿಂಗಳ ಮೇಲೆ ಒಂದು ಮಧ್ಯಾಹ್ನ ಅಕ್ಕ ತನ್ನ ಬಣ್ಣದ ಬಟ್ಟಲಿಗೆ ಚೊಂಬಿನಿಂದ ನೀರು ಹನಿಸುತ್ತಿದ್ದಳು. ಹನಿಸುತ್ತಿದ್ದ ಕೈ ಹಾಗೆಯೇ ನಿಂತುಹೋಯಿತು. ಆ ಇನ್ನೂರು ಕಪ್ಪಿಗೆ ಹಿಡಿಕೆ ಅಂಟಿಸುತ್ತಿದ್ದ ದಿನ ತಂಗಿಯ ಮಗಳಿಗೆ ಜ್ವರ ಎಂದು ಶಾಲೆಯಿಂದ ಹೇಳಿ ಕಳಿಸಿದ್ದರು. ತಂಗಿ ಓಡಿಹೋಗಿದ್ದಳು. ಬಿರುಬಿಸಿಲು. ಹಿಡಿಕೆ ಅಂಟಿಸುವ ಮಣ್ಣಿನ ಅಂಟು ಬೋಗುಣಿಯಲ್ಲಿ ಕೆನೆಗಟ್ಟುತ್ತಿತ್ತು. ಪಾಪ, ಬರುವಷ್ಟರಲ್ಲಿ ಒಣಗಿ ಹೋದರೆ ಮತ್ತೆ ಕಲಸಬೇಕಲ್ಲ ಎಂದು ಅಕ್ಕನೇ ಹೋಗಿ ಅದಕ್ಕೆ ಒಂದು ಚೊಂಬು ನೀರು ಹುಯ್ದು, ಕೈಯಾಡಿಸಿ ಬಂದಿದ್ದಳು. ಆಮೇಲೆ ಮರೆತಿದ್ದಳು. ಅಂಟು ನೀರಾದರೆ ಹಿಡಿಕೆ ನಿಲ್ಲುವುದುಂಟೇ? ಅದು ಭಟ್ಟಿಗೆ ಹೋಗುವ ಮೊದಲೇ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ. ತಪ್ಪು ಯಾರದು ಎಂದು ಆ ಮಧ್ಯಾಹ್ನ ಅಕ್ಕನಿಗೆ ಗೊತ್ತಾಯಿತು.

ಆಗಲೇ ಎದ್ದು ಹೋಗಿ ಹೇಳಿದ್ದರೆ ಮುಗಿಯುತ್ತಿತ್ತು. ನಾಳೆ ಹೇಳೋಣ ಅಂದಳು. ನಾಳೆ ತಂಗಿ ಮುಖ ಗಂಟು ಹಾಕಿಕೊಂಡಿದ್ದಳು, ನಾಡಿದ್ದು ಹೇಳೋಣ ಅಂದಳು. ಹೀಗೆ ನಾಡಿದ್ದು ನಾಡಿದ್ದು ಎನ್ನುತ್ತ ಒಂಬತ್ತು ವರ್ಷ ಹತ್ತು ತಿಂಗಳು ಸಂದವು. ಹೇಳದೆ ಉಳಿದ ಮಾತು ದಿನದಿನಕ್ಕೆ ಭಾರವಾಗುತ್ತದೆ. ಮೊದಲ ದಿನ ಒಂದು ಕೈಯಲ್ಲಿ ಎತ್ತಬಹುದಾದದ್ದು ಆಮೇಲೆ ನಾಲ್ಕಾಳಿಗೂ ಏಳುವುದಿಲ್ಲ. ಅದಕ್ಕೇ ಅವಳು ಉಳಿದವರಿಗೆ ಇನ್ನಷ್ಟು ಜೋರಾಗಿ ಬೈಯುತ್ತಿದ್ದಳು.

ಈಗ ಹೊಸ ಸಂಕಟ ಬಂದಿತ್ತು. ಕಾಲುವೆಯ ಆಚೆ ಕಾರ್ಖಾನೆಯ ಹೊಸ ಕಟ್ಟಡ ಎದ್ದು, ಹಿಡಿಕೆ ಕೋಣೆ ಪೂರ್ತಿ ಅಲ್ಲಿಗೆ ಹೋಗುವುದೆಂದು ಯಜಮಾನರು ತೀರ್ಮಾನಿಸಿದ್ದರು. ಶನಿವಾರ ಕಡೆಯ ದಿನ. ಸೋಮವಾರದಿಂದ ಕಿಟಕಿಯ ಆಚೆ ಯಾರೂ ಇಲ್ಲ. ಮನೆ ಹತ್ತಿರವೇ ಇದೆಯಲ್ಲ ಎನ್ನಬಹುದು, ಮನೆಯಲ್ಲಿ ಹಿಡಿಕೆ ವಾಲುವುದಿಲ್ಲವಲ್ಲ. ಬರೆಯಲು ನೆಪ ಏನು? ಹೋಗುವ ಮೊದಲು ಒಂದು ಸಲ, ಒಂದೇ ಒಂದು ಸಲ, ಆ ತಂಗಿಯ ಬಾಯಲ್ಲಿ ಅಕ್ಕ ಎನ್ನಿಸಿಕೊಳ್ಳಬೇಕು. ಗೆರೆಯಕ್ಕನಿಗೆ ಬೇಕಾದದ್ದು ಅಷ್ಟೇ. ಎಷ್ಟು ಸಣ್ಣ ಆಸೆ ನೋಡಿ.

ಆ ಕಡೆಯ ವಾರ ಶುರುವಾದ ಸೋಮವಾರ ಕಾರ್ಖಾನೆಗೆ ಒಬ್ಬರು ಗಿರಾಕಿ ಬಂದರು. ಹತ್ತಿರದ ಶಾಲೆಯ ಹಿಸ್ಟರಿ ಮೇಡಂ. ದಪ್ಪ ಕನ್ನಡಕ, ಹೆಗಲಲ್ಲಿ ಪುಸ್ತಕ ತುಂಬಿ ಬಾಯಿ ಬಿಟ್ಟ ಚೀಲ. ಬಂದವರೇ, “ನಿಮ್ಮಲ್ಲಿ ಒಡೆದು ಹೋದದ್ದು ಇದೆಯಾ?” ಎಂದು ಕೇಳಿದರು.

ಯಜಮಾನರಿಗೆ ಅವಮಾನವಾಯಿತು. “ನಮ್ಮಲ್ಲಿ ಒಡೆಯೋದೇ ಇಲ್ಲ ಮೇಡಂ,” ಅಂದರು. ಅದೇ ಹೊತ್ತಿಗೆ ಹಿಂದೆ ಭಟ್ಟಿಯ ಮೇಲಿಂದ ಬೆಕ್ಕು ಜಿಗಿದು ಏನೋ ಒಂದು ಫಳ್ಳೆಂದಿತು.

“ಇದೆ, ಬೇಕಾದಷ್ಟಿದೆ,” ಅಂದ ಭಟ್ಟಿಯಣ್ಣ.

ಮೇಡಂಗೆ ಬೇಕಿದ್ದದ್ದು ಇನ್ನೂರು ಬೋಕಿಚೂರು, ಅಂಗೈ ಅಗಲದ್ದು, ಮೊಳೆಯಲ್ಲಿ ಗೀಚಿದರೆ ಅಕ್ಷರ ಮೂಡುವಂಥದ್ದು. ಹೊಳಪಿನ ಗ್ಲೇಜ್ ಹಾಕಿದ್ದು ಬೇಡ. ಇಂಥ ವ್ಯಾಪಾರ ಆ ಕಾರ್ಖಾನೆ ಹುಟ್ಟಿದಾಗಿನಿಂದ ಬಂದಿರಲಿಲ್ಲ. ಯಾಕೆ ಏನು ಎಂದು ಎಲ್ಲರೂ ಕೆಲಸ ಬಿಟ್ಟು ಗೆರೆ ಕೋಣೆಯಲ್ಲಿ ಸೇರಿದರು. ಪಾಠ ಮಾಡಿ ಅಭ್ಯಾಸವಾದ ಮೇಡಂಗೆ ಜನ ಸೇರಿದ್ದು ಕಂಡರೆ ಸಾಕಲ್ಲ.

“ಇಂಗ್ಲಿಷಿನಲ್ಲಿ ಆಸ್ಟ್ರಸೈಸ್ ಅಂತ ಒಂದು ಪದ ಇದೆ. ಯಾರನ್ನಾದ್ರೂ ಎಲ್ಲರೂ ಸೇರಿ ಹೊರಗಿಡೋದು. ಮಾತಿಲ್ಲ, ಕತೆಯಿಲ್ಲ, ಹತ್ತಿರ ಸೇರಿಸೋದಿಲ್ಲ.”

“ನಮ್ಮಲ್ಲಿ ಅದಕ್ಕೆ ಠೂ ಬಿಡೋದು ಅಂತಾರೆ,” ಅಂದ ಭಟ್ಟಿಯಣ್ಣ. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ. ಕಿಟಕಿಯ ಆಚೆ ಹಿಡಿಕೆ ಚಿಕ್ಕಮ್ಮ ತಲೆ ಎತ್ತದೆ ಹಿಡಿಕೆ ಒರೆಸುತ್ತಿದ್ದಳು.

“ಹಾಗೇ ಅಂದ್ಕೊಳ್ಳಿ. ಆ ಪದ ಎಲ್ಲಿಂದ ಬಂತು ಗೊತ್ತಾ? ಇದರಿಂದ,” ಎಂದು ಮೇಡಂ ಬುಟ್ಟಿಯಿಂದ ಒಂದು ಚೂರನ್ನೆತ್ತಿ ತೋರಿಸಿದರು. “ಗ್ರೀಕ್ ಭಾಷೆಯಲ್ಲಿ ಬೋಕಿಚೂರಿಗೆ ಆಸ್ಟ್ರಕಾನ್ ಅಂತಾರೆ. ಎರಡೂವರೆ ಸಾವಿರ ವರ್ಷದ ಹಿಂದೆ ಅಥೆನ್ಸ್ ಪಟ್ಟಣದಲ್ಲಿ ವರ್ಷಕ್ಕೊಂದು ಸಲ ಜನ ಸೇರೋರು. ಯಾರು ಬಲಿತು ಊರಿಗೇ ಭಾರ ಆಗ್ತಿದಾರೆ ಅನ್ನಿಸುತ್ತೋ ಅವರ ಹೆಸರನ್ನ ಚೂರಿನ ಮೇಲೆ ಗೀಚಿ ಹಾಕೋರು. ಆರು ಸಾವಿರ ಚೂರು ಬೀಳಬೇಕು. ಜಾಸ್ತಿ ಚೂರು ಯಾರ ಹೆಸರಿಗೆ ಬಂತೋ ಅವರು ಹತ್ತು ದಿನದೊಳಗೆ ಊರು ಬಿಡಬೇಕು.”

“ಏನು ತಪ್ಪು ಮಾಡಿದ್ದಕ್ಕೆ?” ಯಜಮಾನರು ಕೇಳಿದರು. ಅವರಿಗೆ ಇದು ತಮ್ಮ ಬುಡಕ್ಕೇ ಬರುವ ಸಂಗತಿ ಅನ್ನಿಸಿತ್ತು.

“ತಪ್ಪೇ ಮಾಡಿರಬೇಕು ಅಂತಿಲ್ಲ. ವಿಚಾರಣೆ ಇಲ್ಲ, ಜವಾಬು ಇಲ್ಲ. ಆದ್ರೆ ಒಂದು ಒಳ್ಳೇದಿತ್ತು. ಅವರ ಮನೆ, ಜಮೀನು ಯಾರೂ ಮುಟ್ಟೋ ಹಾಗಿಲ್ಲ. ಹತ್ತು ವರ್ಷ ಆದ ಮೇಲೆ ವಾಪಸು ಬಂದು ಮೊದಲಿನ ಹಾಗೇ ಇರಬಹುದು.”

ಅಷ್ಟೂ ಮಾತಿನಲ್ಲಿ ಅಕ್ಕನ ಕಿವಿಗೆ ನೆಟ್ಟದ್ದು ಒಂದೇ. ಹತ್ತು ವರ್ಷ.

“ಹತ್ತೇ ವರ್ಷವಾ ಮೇಡಂ?” ಎಂದು ಕೇಳಿದಳು. ಅವಳ ದನಿ ಅಷ್ಟು ಮೆತ್ತಗಿದ್ದದ್ದನ್ನು ಕೇಳಿ ಯಜಮಾನರು ತಿರುಗಿ ನೋಡಿದರು.

“ಹತ್ತೇ.”

“ಹೊರಗೆ ಹೋದೋರು ವಾಪಸು ಬರಬಹುದು ಅಂದ್ರಿ, ಸರಿ. ಹೊರಗೆ ಹಾಕಿದೋರು ಏನು ಮಾಡಬೇಕು? ಅವರದ್ದೇ ತಪ್ಪು ಅಂತ ಆಮೇಲೆ ಗೊತ್ತಾದ್ರೆ?”

ಮೇಡಂ ಕನ್ನಡಕ ತೆಗೆದು ಒರೆಸಿಕೊಂಡರು. “ಅದು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿಲ್ಲ,” ಅಂದರು. “ಒಳ್ಳೆ ಪ್ರಶ್ನೆ. ಪರೀಕ್ಷೆಯಲ್ಲಿ ಕೇಳ್ತೀನಿ.”

ಮೇಡಂ ಹೋದ ಮೇಲೆ ಭಟ್ಟಿಯಣ್ಣ ತನ್ನ ಡೈರಿ ಹಿಡಿದು ಅಕ್ಕನ ಚಕ್ರದ ಮುಂದೆ ಬಂದು ಕೂತ. ಯಾವ ದಿನ ಭಟ್ಟಿ ಹೊತ್ತಿಸಿದ್ದು, ಎಷ್ಟು ಹೊತ್ತು ಉರಿದದ್ದು, ಏನು ಒಡೆದದ್ದು ಎಂದು ಮೂವತ್ತು ವರ್ಷದಿಂದ ಬರೆದಿಡುತ್ತ ಬಂದ ಮನುಷ್ಯ. ಹಳೇ ಡೈರಿಯ ಪುಟವೊಂದರ ಮೇಲೆ ಬೆರಳಿಟ್ಟು, “ಈ ಗುರುವಾರಕ್ಕೆ ಭರ್ತಿ ಹತ್ತು ವರ್ಷ ಅಕ್ಕಾ. ಅವಧಿ ಮುಗೀತು,” ಅಂದ.

“ಯಾರದ್ದು?”

“ಇಬ್ಬರದ್ದೂ. ಸಾಕು ಮಾಡಿ. ನಿಮ್ಮಿಬ್ಬರ ನಡುವೆ ಸಿಕ್ಕಿ ನಾವು ಹಣ್ಣಾಗಿ ಹೋದ್ವಿ. ಅವಳಿಗೆ ಹೇಳು ಅಂತ ನೀವು, ಅವರಿಗೆ ಹೇಳಣ್ಣಾ ಅಂತ ಅವಳು. ಎರಡು ಹೆಜ್ಜೆ ದೂರ ಕೂತಿರೋರಿಗೆ ನಾನು ಟಪಾಲು.”

“ನಿನ್ನ ಭಟ್ಟಿ ನೋಡ್ಕೋ ಹೋಗು,” ಎಂದು ಅಕ್ಕ ರೇಗಿದಳು. ಆದರೆ ಅವತ್ತು ಅವಳ ಕೈಯಲ್ಲಿ ಎರಡು ಗೆರೆ ತಪ್ಪಿದವು. ಎರಡೂ ಕಪ್ಪನ್ನು ಯಾರಿಗೂ ಕಾಣದ ಹಾಗೆ ಒರೆಸಿ ಮತ್ತೆ ಎಳೆದಳು.

ಗುರುವಾರ ಬಂತು, ಹೋಯಿತು. ಅಕ್ಕ ಮೂರು ಸಲ ಕಿಟಕಿಯ ತನಕ ಹೋಗಿ ಮೂರು ಸಲ ಬಣ್ಣದ ಡಬ್ಬಿ ತರಲು ಬಂದವಳ ಹಾಗೆ ನಟಿಸಿ ತಿರುಗಿದಳು. ತಾನು ಮಾಡಿದ್ದನ್ನು ಒಂದು ಚೂರಿನ ಮೇಲೆ ಬರೆದು ಇಟ್ಟುಬಿಡಲೇ ಎಂದು ಯೋಚಿಸಿದಳು. ಬರೆದಳು ಕೂಡ. ಆಮೇಲೆ ಅದನ್ನೇ ನೋಡುತ್ತ ಕೂತಾಗ ಅವಳಿಗೆ ನಾಚಿಕೆಯಾಯಿತು. ಬೈಯುವಾಗ ಹದಿನೈದು ಜನರ ಮುಂದೆ ಬಾಯಿ ತುಂಬ ಬೈದು, ತಪ್ಪಾಯಿತು ಎನ್ನುವಾಗ ಕದ್ದುಮುಚ್ಚಿ ಪೆನ್ಸಿಲಿನಲ್ಲಿ ಗೀಚಿ ಕಿಟಕಿಯಲ್ಲಿ ಇಡುವುದೇ? ಅದು ಯಾವ ಸೀಮೆಯ ನ್ಯಾಯ? ಆ ಚೂರನ್ನು ಒರೆಸಿ ಬುಟ್ಟಿಗೆ ಎಸೆದಳು.

ಶನಿವಾರ ಮಧ್ಯಾಹ್ನ ಮೇಡಂ ಚೂರುಗಳನ್ನು ಒಯ್ಯಲು ಬಂದರು. ಹಿಡಿಕೆ ಕೋಣೆಯ ಸಾಮಾನೆಲ್ಲ ಆಗಲೇ ಕಟ್ಟಿಯಾಗಿತ್ತು. ಹೊಸ ಕಟ್ಟಡಕ್ಕೆ ಹೊರಡುವವರಿಗೆಂದು ಯಜಮಾನರು ಟೀ ಮತ್ತು ಬಿಸ್ಕತ್ತು ತರಿಸಿದ್ದರು. ಎಲ್ಲರೂ ಗೆರೆ ಕೋಣೆಯಲ್ಲಿ ಸೇರಿದ್ದರು. ಹಿಡಿಕೆ ಚಿಕ್ಕಮ್ಮನೂ ಬಂದು ಬಾಗಿಲ ಹತ್ತಿರ, ಅಕ್ಕನಿಗೆ ಬೆನ್ನು ಬರುವ ಹಾಗೆ ಲೆಕ್ಕಾಚಾರ ಹಾಕಿ, ನಿಂತಿದ್ದಳು.

“ಮೇಡಂ, ಚೂರು ಸರಿಯಾಗಿ ಗೀಚಿಸಿಕೊಳ್ಳುತ್ತಾ ಅಂತ ನೋಡದೇ ಒಯ್ಯಬೇಡಿ,” ಅಂದ ಭಟ್ಟಿಯಣ್ಣ. “ನಾವೇ ಒಂದು ಸಲ ಓಟು ಹಾಕಿ ತೋರಿಸ್ತೀವಿ. ಈ ಕಾರ್ಖಾನೆಯಿಂದ ಹತ್ತು ವರ್ಷ ಯಾರನ್ನ ಓಡಿಸಬೇಕು ಅಂತ.”

ಅಕ್ಕತಂಗಿಯನ್ನು ಮಾತಿಗೆಳೆಯುವ ಅವನ ಹುನ್ನಾರ ಎಲ್ಲರಿಗೂ ಅರ್ಥವಾಯಿತು, ಮೇಡಂ ಒಬ್ಬರನ್ನು ಬಿಟ್ಟು. ಅವರಿಗೆ ಇಂಥ ವಿದ್ಯಾರ್ಥಿಗಳು ಸಿಕ್ಕಿದ್ದೇ ಸಂತೋಷವಾಗಿ ಕೈ ತಟ್ಟಿದರು.

“ನನ್ನ ಹೆಸರು ಬಿಟ್ಟು ಯಾರದ್ದಾದ್ರೂ ಬರೀರಿ,” ಎಂದರು ಯಜಮಾನರು.

ಹನ್ನೊಂದು ಜನ ಹನ್ನೊಂದು ಮೊಳೆ ಹಿಡಿದು ಗೋಡೆಗೆ ತಿರುಗಿ ಕೂತರು. ಮಕ್ಕಳ ಹಾಗೆ ಒಬ್ಬರದ್ದು ಒಬ್ಬರಿಗೆ ಕಾಣದಂತೆ ಮೊಣಕೈ ಅಡ್ಡ ಇಟ್ಟುಕೊಂಡು, ನಾಲಿಗೆ ತುದಿ ಕಚ್ಚಿಕೊಂಡು ಗೀಚಿದ್ದೇ ಗೀಚಿದ್ದು. ಕೋಣೆಯ ತುಂಬ ಇಲಿ ಕೆರೆದಂಥ ಸದ್ದು. ಅಕ್ಕ ಮೊಳೆಯ ತುದಿಯನ್ನು ಚೂರಿಗೆ ತಾಗಿಸಿ ಮತ್ತೆ ತೆಗೆದಳು. ಈಗ ಬಿಟ್ಟರೆ ಇನ್ನೆಂದು? ಇಲ್ಲಿ ಹತ್ತು ಜನರಿದ್ದಾರೆ, ಹದಿನೈದಿಲ್ಲ, ಆದರೂ ಸೋಮವಾರದಿಂದ ತಂಗಿಯೇ ಇರುವುದಿಲ್ಲ. ಗಟ್ಟಿ ಮನಸ್ಸು ಮಾಡಿ ಗೀಚಿದಳು.

ಎಲ್ಲರೂ ತಮ್ಮ ತಮ್ಮ ಚೂರನ್ನು ಒಂದು ಬಕೆಟ್ಟಿಗೆ ಹಾಕಿದರು. ಮೇಡಂ ಒಂದೊಂದಾಗಿ ತೆಗೆದು, ತರಗತಿಯಲ್ಲಿ ಹಾಜರಿ ಕರೆದಂತೆ, ಗಟ್ಟಿಯಾಗಿ ಓದತೊಡಗಿದರು.

“ಬೆಕ್ಕು. ಮತ್ತೆ ಬೆಕ್ಕು. ಯಜಮಾನರು.”

“ಯಾರದು ಅದು?” ಎಂದರು ಯಜಮಾನರು.

“ಗುಟ್ಟಿನ ಮತದಾನ,” ಅಂದ ಭಟ್ಟಿಯಣ್ಣ.

“ಬೆಕ್ಕು. ಗೋಡೆ ರೇಡಿಯೋ. ಯಜಮಾನರು. ಭಟ್ಟಿಯಣ್ಣನ ಹಾಡು. ಬೆಕ್ಕು. ಯಜಮಾನರು, ಆವರಣದಲ್ಲಿ ‘ಟೀ ಒಳ್ಳೇದು ತರಿಸಿದ್ದರೆ ಬೆಕ್ಕಿಗೆ ಓಟು ಹಾಕುತ್ತಿದ್ದೆ’ ಅಂತಿದೆ.”

ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ಯಜಮಾನರೂ ನಗದೆ ಬೇರೆ ದಾರಿ ಇರಲಿಲ್ಲ. ಬಕೆಟ್ಟಿನಲ್ಲಿ ಇನ್ನೆರಡೇ ಉಳಿದಿದ್ದವು. ಹತ್ತನೆಯದನ್ನು ಮೇಡಂ ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇದರಲ್ಲಿ ಏನೂ ಬರೆದಿಲ್ಲ.”

ಅದು ಯಾರದೆಂದು ಅಕ್ಕನಿಗೆ ಕಂಡ ಕೂಡಲೇ ಗೊತ್ತಾಯಿತು. ಚೂರಿನ ಒರಟು ಅಂಚನ್ನು ಯಾರ ಕೈಗೂ ತರಚದ ಹಾಗೆ ಸುತ್ತ ಉಜ್ಜಿ ನುಣುಪು ಮಾಡಿತ್ತು. ಹಿಡಿಕೆ ಕೆಲಸದವರಿಗೆ ಬಿಟ್ಟರೆ ಆ ಚಾಳಿ ಇನ್ಯಾರಿಗೂ ಇಲ್ಲ. ಅಕ್ಕನ ಹೆಸರು ಬರೆಯಲು ತಂಗಿಗೆ ಹತ್ತು ವರ್ಷದ ಸಿಟ್ಟು ಕೈಯಲ್ಲೇ ಇತ್ತು, ಆದರೂ ಬರೆದಿರಲಿಲ್ಲ. ಅಷ್ಟರಲ್ಲಿ ಮೇಡಂ ಕೊನೆಯದನ್ನು ಎತ್ತಿಯಾಗಿತ್ತು.

“ಹತ್ತು ವರ್ಷದ ಹಿಂದೆ ಅಂಟಿನ ಬೋಗುಣಿಗೆ ನೀರು ಹುಯ್ದವಳು,” ಎಂದು ಓದಿ, ಕನ್ನಡಕ ಸರಿಮಾಡಿಕೊಂಡು, “ಇದು ಯಾರು?” ಎಂದು ಕೇಳಿದರು.

ನಗು ನಿಂತಿತು. ಭಟ್ಟಿಯಣ್ಣ ಕೈಯಲ್ಲಿದ್ದ ಬಿಸ್ಕತ್ತನ್ನು ಟೀಯಲ್ಲಿ ಅದ್ದಿದ್ದ, ಅದು ಮುರಿದು ಒಳಗೆ ಬಿತ್ತು.

“ನಾನು,” ಅಂದಳು ಅಕ್ಕ, ಎದ್ದು ನಿಂತು. “ಹೋಟೆಲಿನ ಇನ್ನೂರು ಕಪ್ಪಿಗೆ ಹಿಡಿಕೆ ಅಂಟಿಸಿದ ದಿನ ಇವಳು ಮಗಳನ್ನ ಕರ್ಕೊಂಡು ಬರೋಕೆ ಶಾಲೆಗೆ ಹೋಗಿದ್ದಳು. ಅಂಟು ಒಣಗ್ತಿದೆ ಅಂತ ನಾನೇ ನೀರು ಹುಯ್ದೆ. ಹೇಳಲಿಲ್ಲ, ಮರೆತುಹೋಯ್ತು. ಹಿಡಿಕೆ ಬಿದ್ದದ್ದು ಅದಕ್ಕೆ. ಇವಳ ಕೈಯಿಂದಲ್ಲ. ಆಮೇಲೆ ಎರಡೇ ತಿಂಗಳಿಗೆ ನೆನಪಾಯ್ತು. ಅವತ್ತಿನಿಂದ ಇವತ್ತಿನ ತನಕ ಬಾಯಿ ಮುಚ್ಕೊಂಡಿದ್ದೆ. ಈ ಕಾರ್ಖಾನೆಯಿಂದ ಯಾರನ್ನಾದ್ರೂ ಓಡಿಸಬೇಕು ಅಂದ್ರೆ ಅದು ನಾನು. ಬೆಕ್ಕು ಪಾಪ ಏನು ಮಾಡಿದೆ.”

ಮೇಡಂ ಚೂರನ್ನು ಕೈಯಲ್ಲಿ ಹಿಡಿದೇ ಇದ್ದರು. ತಾನು ಏನನ್ನು ಓದಿಬಿಟ್ಟೆ ಎಂದು ಅವರಿಗೆ ನಿಧಾನವಾಗಿ ಅರಿವಾಗುತ್ತಿತ್ತು. ಬಾಗಿಲ ಬಳಿ ಹಿಡಿಕೆ ಚಿಕ್ಕಮ್ಮ ತಿರುಗಿದಳು. ಹತ್ತು ವರ್ಷದಲ್ಲಿ ಮೊದಲ ಸಲ ಅಕ್ಕನ ಮುಖವನ್ನು ನೆಟ್ಟ ದೃಷ್ಟಿಯಲ್ಲಿ ನೋಡಿದಳು. ಬೈಯುತ್ತಾಳೆ ಎಂದು ಅಕ್ಕ ಕಾದಳು. ಅಳುತ್ತಾಳೆ ಎಂದು ಭಟ್ಟಿಯಣ್ಣ ಕಾದ.

“ಎಷ್ಟು ನೀರು?” ಅಂದಳು ತಂಗಿ.

“ಹಾಂ?”

“ಎಷ್ಟು ಹುಯ್ದೆ ಅಂದೆ.”

“ಒಂದು ಚೊಂಬು.”

“ದೊಡ್ಡ ಚೊಂಬಾ, ಸಣ್ಣದಾ?”

“ದೊಡ್ಡದು,” ಅಂದಳು ಅಕ್ಕ, ತಲೆ ತಗ್ಗಿಸಿ. “ಅದೂ ತುಂಬ.”

ತಂಗಿ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡು ಏನನ್ನೋ ಮನಸ್ಸಿನಲ್ಲೇ ಕೂಡಿ ಕಳೆಯುತ್ತಿದ್ದಳು. ಅವಳ ತುಟಿ ಅಲುಗುತ್ತಿತ್ತು. ಆಮೇಲೆ ಅವಳ ಮುಖದಲ್ಲಿ ಒಂದು ನಗು ಮೂಡಿ, ಕೆನ್ನೆಗೆ ಹರಡಿ, ತಡೆಯಲಾಗದೆ ಹೊರಗೆ ಬಂತು.

“ದೊಡ್ಡ ಚೊಂಬು ತುಂಬ ನೀರು ಹುಯ್ದಿದ್ರೆ ಅದು ಅಂಟಲ್ಲ, ಗಂಜಿ,” ಅಂದಳು. “ತೆಳ್ಳಗಿದೆ ಅಂತ ಅವತ್ತೇ ಅನ್ನಿಸಿತ್ತು. ಕಲಸಿದ್ದು ನಾನೇ ಅಲ್ವಾ, ನನ್ನ ಅಂದಾಜೇ ತಪ್ಪಿತು ಅಂದ್ಕೊಂಡೆ. ಇನ್ನೂರರಲ್ಲಿ ನಲವತ್ತೊಂದು ಬಿತ್ತು. ನೂರ ಐವತ್ತೊಂಬತ್ತು ನಿಂತವು.” ಅವಳು ಮೇಡಂ ಕಡೆ ತಿರುಗಿದಳು. “ಕೇಳಿದ್ರಾ ಮೇಡಂ? ಗಂಜಿಯಲ್ಲಿ ಅಂಟಿಸಿದ್ರೂ ನೂರ ಐವತ್ತೊಂಬತ್ತು ನಿಂತವು. ಬೇರೆ ಯಾರ ಕೈಯಲ್ಲಾದ್ರೂ ಒಂದಾದ್ರೂ ನಿಲ್ತಿತ್ತಾ, ಈ ಭಟ್ಟಿಯಣ್ಣನ್ನೇ ಕೇಳಿ.”

“ಒಂದೂ ನಿಲ್ತಿರಲಿಲ್ಲ,” ಅಂದ ಭಟ್ಟಿಯಣ್ಣ.

“ಹತ್ತು ವರ್ಷದಿಂದ ಒಂದೊಂದು ಹಿಡಿಕೆನೂ ಎರಡೆರಡು ಸಲ ಎಳೆದು ನೋಡಿ ಕಳಿಸ್ತಿದೀನಿ. ಕೈಯಲ್ಲಿ ಬಿಗಿ ಹೋಗಿದೆ ಅಂತ. ಒಳ್ಳೇ ಕೆಲಸ ಆದ್ರೂ ನಂಬಿಕೆ ಬರ್ತಿರಲಿಲ್ಲ.” ತಂಗಿ ತನ್ನ ಎರಡೂ ಕೈಗಳನ್ನು ಮುಂದೆ ಚಾಚಿ, ಮಣ್ಣು ಮೆತ್ತಿದ ಬೆರಳುಗಳನ್ನು ಹೊಸದಾಗಿ ಕಂಡಂತೆ ನೋಡಿಕೊಂಡಳು. ಆಮೇಲೆ ಯಜಮಾನರಿಗೆ, ಮೇಡಂಗೆ, ಕೋಣೆಯಲ್ಲಿದ್ದ ಪ್ರತಿಯೊಬ್ಬರಿಗೂ ಕೇಳುವ ಹಾಗೆ ಹೆಮ್ಮೆಯಿಂದ ಹೇಳಿದಳು. “ನಮ್ಮಕ್ಕ ಚೊಂಬುಗಟ್ಟಲೆ ನೀರು ಸುರಿದ್ರೂ ನನ್ನ ಕೈ ಬಿಟ್ಟುಕೊಡಲಿಲ್ಲ ನೋಡಿ.”

ಹೇಳಿದ್ದು ಬೇರೆಯವರಿಗೆ. ಏನು ಹೇಳಿದೆ ಎಂಬುದರ ಕಡೆಗೆ ಹೇಳಿದವಳಿಗೇ ಗಮನವಿರಲಿಲ್ಲ. ಕೇಳಿದವಳು ಮಾತ್ರ ಚಕ್ರದ ಮುಂದಿನ ಸ್ಟೂಲಿನ ಮೇಲೆ ದೊಪ್ಪನೆ ಕೂತು, ಸೆರಗಿನಲ್ಲಿ ಮುಖ ಮುಚ್ಚಿಕೊಂಡು, ನಗುತ್ತಿದ್ದಾಳೋ ಅಳುತ್ತಿದ್ದಾಳೋ ತಿಳಿಯದ ಹಾಗೆ ಭುಜ ಕುಣಿಸಿದಳು. ಸುಖವಾದಾಗ ಎರಡೂ ಒಟ್ಟಿಗೇ ಬರುತ್ತವೆ, ಬಿಡಿ.

“ಅಳಬೇಡ,” ಅಂದಳು ತಂಗಿ, ಈಗ ನೇರವಾಗಿ ಅವಳಿಗೇ. ದನಿ ಬಿಗಿಯಾಯಿತು. “ನೀರು ಹುಯ್ದದ್ದಕ್ಕೆ ನನಗೇನೂ ಸಿಟ್ಟಿಲ್ಲ. ನನ್ನ ಒಳ್ಳೇದಕ್ಕೇ ಹುಯ್ದೆ. ಗೊತ್ತಾದ ಮೇಲೂ ಸುಮ್ಮನಿದ್ದೆಯಲ್ಲ, ಅದಕ್ಕೆ ಬೇರೆ ಇದೆ. ಒಂಬತ್ತು ವರ್ಷದ್ದು ಇದೆ. ಒಂದೂ ಬಿಡಲ್ಲ, ಪೂರ್ತಿ ಬೈತೀನಿ.”

“ಬೈಯಿ,” ಅಂದಳು ಅಕ್ಕ ಸೆರಗಿನ ಒಳಗಿಂದಲೇ.

“ಇಲ್ಲಿ ಬೇಡ, ಮೇಡಂ ಇದಾರೆ. ಕಪ್ಪು ಜೋಡಿಸೋ ಆ ಹಲಗೆಯ ಇನ್ನೊಂದು ತುದಿ ಹಿಡಿ, ಹೊಸ ಕಟ್ಟಡಕ್ಕೆ ಸಾಗಿಸಬೇಕು. ಹೋಗ್ತಾ ಬೈತೀನಿ.”

ಮೇಡಂ ತಮ್ಮ ಇನ್ನೂರು ಚೂರಿನ ಪೆಟ್ಟಿಗೆಯನ್ನು ಗಾಡಿಗೆ ಹಾಕಿಸಿಕೊಂಡರು. ಗೀಚಿದ ಹನ್ನೊಂದನ್ನೂ ಕೊಡಿ, ಮಕ್ಕಳಿಗೆ ತೋರಿಸುತ್ತೇನೆ ಎಂದು ಕೇಳಿದರು. ಹತ್ತನ್ನು ಕೊಟ್ಟ ಭಟ್ಟಿಯಣ್ಣ ಹನ್ನೊಂದನೆಯದನ್ನು, ಅಕ್ಕನದನ್ನು, ತನ್ನ ಡೈರಿಯ ನಡುವೆ ಇಟ್ಟುಕೊಂಡ. ಭಟ್ಟಿಯಲ್ಲಿ ಏನು ಒಡೆಯಿತು, ಯಾಕೆ ಒಡೆಯಿತು ಎಂಬುದನ್ನು ಸರಿಯಾಗಿ ಬರೆದಿಡದಿದ್ದರೆ ಅವನಿಗೆ ನಿದ್ದೆ ಬರುವುದಿಲ್ಲ. ನಾಲ್ಕು ಓಟು ಪಡೆದು ಗೆದ್ದ ಬೆಕ್ಕಿಗೆ ಹತ್ತು ದಿನದ ಗಡುವು ಸಿಕ್ಕಿತ್ತು. ಅದು ಭಟ್ಟಿಯ ಮೇಲೆ ಮಗ್ಗುಲು ಬದಲಿಸಿ ಮತ್ತೆ ಮಲಗಿತು.

ಹೊರಗೆ ಬೀದಿಯಲ್ಲಿ ಅಕ್ಕತಂಗಿ ಉದ್ದನೆಯ ಹಲಗೆಯ ಎರಡು ತುದಿ ಹಿಡಿದು ಹೊರಟರು. ತಂಗಿ ಮುಂದೆ, ಅಕ್ಕ ಹಿಂದೆ. ತಂಗಿ ಮಾತು ಕೊಟ್ಟ ಹಾಗೆ ಮೊದಲ ವರ್ಷದಿಂದಲೇ ಶುರು ಮಾಡಿದಳು. ಮಗಳು ದೊಡ್ಡವಳಾದ ದಿನ, ಗಂಡನ ಕಾಲು ಮುರಿದ ದಿನ, ಮನೆ ಸೋರಿದ ದಿನ, ಯಾವ ಯಾವ ದಿನ ಯಾವ ಯಾವ ಮಾತು ಹೇಳಬೇಕೆಂದು ಬಾಯಿ ತುದಿಗೆ ಬಂದು ನುಂಗಿಕೊಂಡಿದ್ದಳೋ ಅಷ್ಟನ್ನೂ ಬೈಗುಳದಲ್ಲಿ ಸೇರಿಸಿ ಸೇರಿಸಿ ಹೇಳುತ್ತಿದ್ದಳು. ಹಾದಿಯಲ್ಲಿ ಹೋಗುವವರು ನಿಂತು ನೋಡಿದರು. ಜೀವಮಾನದಲ್ಲಿ ಯಾರ ಎದುರಿಗೂ ಬಾಯಿ ಮುಚ್ಚದ ಗೆರೆಯಕ್ಕ ಹೂಂ, ಹೂಂ ಎನ್ನುತ್ತ ಹಿಂದೆ ನಡೆದಳು. ಕಾಲುವೆಯ ಸೇತುವೆ ಬರುವಷ್ಟರಲ್ಲಿ ಬೈದು ಮುಗಿದದ್ದು ಮೂರೇ ವರ್ಷದ್ದು. ಸೇತುವೆ ದಾಟಿದರೆ ಹೊಸ ಕಟ್ಟಡ.

“ಕೈ ನೋಯ್ತಿದೆ, ಸ್ವಲ್ಪ ಇಳಿಸೋಣ,” ಅಂದಳು ಅಕ್ಕ. ಕೈ ನೋಯುತ್ತಿರಲಿಲ್ಲ.